ವಿಮಾನದವರ ಮನೆ

"ಕುಂಡ್ರೂದೋ ಮಲಗೂದೋ, ಒಂದ ಮಾತ ಹೇಳಿಬಿಡ್ರಿ," ಎಂದು ಖಾಸಿಂಸಾಬ ಗರಗಸವನ್ನು ಬಿದಿರಿನ ಮೇಲೆ ಇಟ್ಟುಕೊಂಡೇ ಕೇಳಿದ. "ಕುಂಡ್ರೂದಾದ್ರ ಇಲ್ಲಿಗೆ ಕೊಯ್ತೇನಿ. ಮಲಗೂದಾದ್ರ ಇಡೀ ಗಳಾನ ಬೇಕು. ಕೊಯ್ದ ಮ್ಯಾಲ ಗಳ ಬೆಳಿಯೂದಿಲ್ಲ."

ಅಂಗಳದಲ್ಲಿ ನಿಂತವರು ಒಳಗೆ ನೋಡಿದರು. ಪಡಸಾಲೆಯಲ್ಲಿ, ಚಾಪೆಯ ಮೇಲೆ, ಕಾಶಪ್ಪ ಅಂಗಾತ ಮಲಗಿದ್ದ. ಅವನ ಮೊಣಕಾಲು ಮಡಚುತ್ತಿರಲಿಲ್ಲ. ಲಾರಿಯಿಂದ ಇಳಿಸಿದವರಿಗೆ ಅದು ಮೊದಲೇ ಗೊತ್ತಾಗಿತ್ತು. ಹಲಗೆ ಇಳಿಸಿದ ಹಾಗೆ ಇಳಿಸಿದ್ದರು.

೧೯೮೪ರ ಏಪ್ರಿಲ್. ಬೆಳಗಿನ ಬಿಸಿಲೇ ಕಟ್ಟೆಯ ಕಲ್ಲನ್ನು ಕಾಯಿಸಿತ್ತು.

ಇಳಕಲ್ಲಿನಲ್ಲಿ ಖಾಸಿಂಸಾಬನ ಪ್ರಶ್ನೆಯನ್ನು ಹಿಂದೆ ಯಾರೂ ಕೇಳಿರಲಿಲ್ಲ. ಲಿಂಗವಂತರಲ್ಲಿ ಸತ್ತವರನ್ನು ಕೂರಿಸಿ ಪೂಜಿಸಿ, ಬಿದಿರಿನ ವಿಮಾನದಲ್ಲಿ ಕೂರಿಸಿ ಹೊತ್ತು, ಮಣ್ಣಿನಲ್ಲೂ ಕೂರಿಸಿಯೇ ಇಡುವುದು ರೂಢಿ. ಆ ವಿಮಾನ ಕಟ್ಟುವುದು ಮತ್ತು ಹೆಣ ಕೂರಿಸುವುದು ಮೂರು ತಲೆಮಾರಿನಿಂದ ಈ ಮನೆಯವರ ಕೆಲಸ. ಊರಿಗೆ ಇದು ವಿಮಾನದವರ ಮನೆ. ಆ ಮನೆಯ ಯಜಮಾನ ನಿನ್ನೆ ಸಂಜೆ ಬಾಗಲಕೋಟೆಯ ದವಾಖಾನೆಯಲ್ಲಿ ತೀರಿಕೊಂಡಿದ್ದ. ರಾತ್ರಿ ಹೆಣ ತರಲು ಗಾಡಿ ಸಿಗಲಿಲ್ಲ. ಬೆಳಿಗ್ಗೆ ಖಾಸಿಂಸಾಬನ ಅಳಿಯನ ಲಾರಿಯಲ್ಲಿ ಮಗ ಚಂದಪ್ಪ ತಂದಾಗ ಮೈ ಪೂರ್ತಿ ಸೆಟೆದಿತ್ತು.

"ಕುಣಿ ಕುಂಡ್ರೂ ಅಳತಿಗೇ ತೋಡ್ಯಾರ. ಒಳಗ ಗೂಡೂ ಕಡದಾರ," ಎಂದರು ಸಂಗಯ್ಯನವರು. ಓಣಿಯ ಸಾವುಗಳಿಗೆಲ್ಲ ವಿಧಿ ನಡೆಸುವ ಮುದುಕರು ಅವರು. "ಊರನ್ನೆಲ್ಲಾ ಕುಂಡ್ರಿಸಿದಾವ ತಾ ಮಲಗಿ ಹೋದ ಅಂತ ನಾಳೆ ಬಾಜಾರದಾಗ ಮಾತಾಗಬೇಕೇನು?"

"ಸೆಟದೈತಲ್ರಿ ಅಯ್ಯನೋರ. ನಾಳೀತನಾ ಇಟ್ರ ತಾನ ಸಡಲ್ತೈತಿ," ಎಂದ ಖಾಸಿಂಸಾಬ.

"ಈ ಬಿಸಲಾಗ? ಹೊಟ್ಟಿ ಬ್ಯಾನ್ಯಾಗ ಸತ್ತಾವನ್ನ? ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕು. ಸೆಟದವರನ್ನ ಕುಂಡ್ರಿಸಿದ್ದು ಇದ ಮನ್ಯಾಗ ಅಲ್ಲೇನು?"

"ಹೌದ್ರಿ, ನಮ್ಮನಿಯವರನ್ನ ಕುಂಡ್ರಿಸಲಿಲ್ಲೇನು?" ಎಂದು ಹೆಂಗಸರ ನಡುವಿನಿಂದ ಸಾವಿತ್ರೆವ್ವ ಎದ್ದು ನಿಂತಳು. ನೇಕಾರ ಕಲ್ಲಪ್ಪನ ವಿಧವೆ. "ಸೊಲ್ಲಾಪುರದಿಂದ ತಂದಾಗ ಕಟಗಿ ಆಗಿದ್ರು. ಕಾಶಣ್ಣ ಬಾಗಲಾ ಹಾಕ್ಕೊಂಡ, ಬಿಸಿನೀರು ಹಾಕಿದ, ಎಣ್ಣಿ ತಿಕ್ಕಿದ. ಬಾಗಲಾ ತಗದಾಗ ನೋಡಿದ್ರ, ಉಂಡು ಕೈ ತೊಳಕೊಂಡು ಗ್ವಾಡಿಗೆ ಒರಗ್ಯಾರ ಅನ್ನೂ ಹಂಗ ಕುಂತಿದ್ರು. ಇವತ್ತಿಗೂ ಕಣ್ಣು ಮುಚ್ಚಿದ್ರ ನನಗ ಅದ ಮಾರಿ ಕಾಣ್ತೈತಿ." ಅವಳು ಕಾಶಪ್ಪನ ತಲೆಯ ಬಳಿ ಕುಳಿತಿದ್ದ ಗುರುಸಿದ್ದವ್ವನತ್ತ ತಿರುಗಿದಳು. "ಯಕ್ಕಾ, ಅಣ್ಣನ ಸಂಗಾಟ ಒಳಗ ನೀನೂ ಇರ್ತಿದ್ದಿ. ನಿನ್ನ ಕೈಗೂ ಆ ಗುಣ ಬಂದಿರ್ತೈತಿ. ಅವಗೂ ಹಂಗ ಮಾಡು."

ಗುರುಸಿದ್ದವ್ವ ಗಂಡನ ಮುಖದ ಮೇಲಿನ ನೊಣ ಓಡಿಸಿದಳು.

"ಎಣ್ಣಿ ತೀರೇತಿ," ಎಂದಳು. "ಅವರ ಕಾಸತಿದ್ರು. ಹ್ಯಾಂಗ ಕಾಸತಿದ್ರೋ ನನಗ ಗೊತ್ತಿಲ್ಲ."

ಅದು ಸುಳ್ಳು. ಆ ಎಣ್ಣೆ ಗಾಣದಿಂದ ತಂದ ಬರೀ ಔಡಲೆಣ್ಣೆ. ಅದನ್ನು ಯಾರೂ ಕಾಸಿರಲಿಲ್ಲ.

"ನಮ್ಮನ್ಯಾಗ ಐತಿ!" ಎಂದಳು ಸಾವಿತ್ರೆವ್ವ. "ಅವತ್ತ ಉಳಿದದ್ದು. ಬಾಟ್ಲ್ಯಾಗ ಹಾಕಿ ದೇವರ ಜಗಲಿ ಮ್ಯಾಲ ಇಟ್ಟೇನಿ. ಈಗ ನಾ ಇರೂ ಮಗಳ ಮನಿ ಬಸ್‌ ಸ್ಟ್ಯಾಂಡ್‌ ಆಚೆ ಆತು, ಇಲ್ಲಾಂದ್ರ ಇಷ್ಟೊತ್ತಿಗೆ ತಂದಿರ್ತಿದ್ದೆ."

ಅವಳು ಸೆರಗು ತಲೆಗೆಳೆದುಕೊಂಡು ಬಿಸಿಲಿಗಿಳಿದಳು. ಖಾಸಿಂಸಾಬ ಗರಗಸವನ್ನು ತೆಗೆದು ನೆಲಕ್ಕಿಟ್ಟ.

*

ಕೆಲಸ ಶುರುವಾದದ್ದು ಕಾಶಪ್ಪನ ಅಜ್ಜ ಗುರಪ್ಪನಿಂದ. ಪ್ಲೇಗು ಬಂದ ವರ್ಷ ಹೊರುವವರು ಸಿಗದಾಗ, ಇಬ್ಬರೇ ಹೊರುವಂಥ ಹಗುರ ವಿಮಾನವನ್ನು ಬಿದಿರಿನಲ್ಲಿ ಕಟ್ಟಿದ. ಅವನ ಮಗ ನೀಲಪ್ಪ ಅದಕ್ಕೆ ಕಮಾನು ಕೂಡಿಸಿದ, ಮಗ್ಗದಲ್ಲಿ ಉಳಿದ ಸೀರೆಯ ತುಂಡುಗಳನ್ನು ಹೊಲಿದು ಮೇಲುಹೊದಿಕೆ ಮಾಡಿದ.

ಆ ಇಬ್ಬರ ಕಾಲದಲ್ಲಿ ಜನ ಮನೆಯಲ್ಲಿಯೇ ಸಾಯುತ್ತಿದ್ದರು. ಉಸಿರು ಮೇಲಾಗುತ್ತಿದ್ದ ಹಾಗೆ ಬೀಗರಿಗಿಂತ ಮೊದಲು ವಿಮಾನದವರಿಗೆ ಹೇಳಿಕಳಿಸುತ್ತಿದ್ದರು. ಗುರಪ್ಪ ಹೊಸ್ತಿಲ ಹೊರಗೆ ಕುಳಿತು ಕಾಯುತ್ತಿದ್ದ. ಜೀವ ಹೋದೊಡನೆ, ಮೈ ಬೆಚ್ಚಗಿರುವಾಗಲೇ, ಕಾಲು ಮಡಚಿ, ಬೆನ್ನನ್ನು ಗೋಡೆಗೆ ಒರಗಿಸಿ, ಎದೆಗೆ ಧೋತರ ಸುತ್ತಿ ಗೂಟಕ್ಕೆ ಬಿಗಿಯುತ್ತಿದ್ದ. ಆಮೇಲೆ ಮೈ ಸೆಟೆದರೂ ಕೂತ ಭಂಗಿಯಲ್ಲೇ ಸೆಟೆಯುತ್ತಿತ್ತು.

ಕಾಶಪ್ಪನ ಕಾಲಕ್ಕೆ ಬಸ್ಸುಗಳು ಹೆಚ್ಚಾದವು. ರೋಗಿಗಳು ಬಾಗಲಕೋಟೆಗೆ, ಸೊಲ್ಲಾಪುರಕ್ಕೆ, ಮಿರಜಿಗೆ ಹೋಗತೊಡಗಿದರು. ಕೆಲವರು ನಡೆದುಕೊಂಡು ತಿರುಗಿ ಬಂದರು. ಕೆಲವರು ತಾಡಪತ್ರಿಯ ಕೆಳಗೆ ಅಂಗಾತ ಬಂದು ಈ ಮನೆಯ ಪಡಸಾಲೆಗೆ ಇಳಿದರು.

ಹಾಗೆ ಬಂದವರಲ್ಲಿ ಮೊದಲನೆಯವನು ಕಲ್ಲಪ್ಪ, ೧೯೭೧ರಲ್ಲಿ.

"ನಾಳೆ ಮಧ್ಯಾಹ್ನದ ಮಟ ಬಿಡ್ರಿ, ತಾನ ಸಡಲ್ತೈತಿ," ಎಂದು ಕಾಶಪ್ಪ ಹಿರಿಯರಿಗೆ ಹೇಳಿದ್ದ.

"ನಿನ್ನ ಕೈಲೆ ಆಗೂದಿಲ್ಲ ಅಂತ ಹೇಳು. ಹುನಗುಂದದಿಂದ ಬ್ಯಾರೆದಾವರನ್ನ ಕರಸ್ತೇವಿ. ಅವರು ನಾಲ್ಕ ಮಂದಿ ಹಿಡದ್ರ ಎಂಥದೂ ಮಡಚತೈತಿ," ಎಂದಿದ್ದರು ಅವರು.

ಕಾಶಪ್ಪ ಹೆಂಡತಿಯನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡ. ಬಿಸಿನೀರು ಹಾಕಿದರು, ಎಣ್ಣೆ ತಿಕ್ಕಿದರು. ಬೆರಳು ಸಡಿಲಾದವು, ಮೊಣಕೈ ಸ್ವಲ್ಪ ಬಾಗಿತು. ಮೊಣಕಾಲು, ಸೊಂಟ ಬಾಗಲಿಲ್ಲ. ಕಾಶಪ್ಪ ಎಣ್ಣೆಯ ಬಟ್ಟಲನ್ನು ಬದಿಗೆ ಸರಿಸಿದ.

"ನೀ ಹೆಗಲು ಹಿಡಿ," ಎಂದ ಕಡೆಗೆ.

ಗುರುಸಿದ್ದವ್ವ ಹಿಡಿದಳು. ಅವನು ತನ್ನ ಮೊಣಕಾಲನ್ನು ಹೆಣದ ಮೊಣಕಾಲಿಗೆ ಊರಿ ಎಳೆದ. ಒಣಗಿದ ಹತ್ತಿಕಟ್ಟಿಗೆ ಮುರಿದ ಹಾಗೆ ಸಪ್ಪಳವಾಯಿತು. ಹೊರಗೆ ಭಜನೆಯವರು ಒಂದು ಹಾಡು ಮುಗಿಸಿ ಇನ್ನೊಂದು ಹಿಡಿದಿರಲಿಲ್ಲ.

"ಏನದು ಸಪ್ಪಳ?" ಎಂದರು ಯಾರೋ.

"ಕುಂಡ್ರೂ ಮಣಿ ಸರೀತು," ಎಂದು ಒಳಗಿನಿಂದಲೇ ಹೇಳಿದ ಕಾಶಪ್ಪ. ಆಮೇಲೆ ಬಾಗಿಲನ್ನು ಸ್ವಲ್ಪ ತೆರೆದು, "ಭಜನಿ ಯಾಕ ನಿಂತೈತಿ? ಜೋರಾಗಿ ಹಾಡ್ರಿ," ಎಂದ.

ಕಲ್ಲಪ್ಪ ಕೂತ. ಶಾಲು ಹೊದಿಸಿ, ಹಣೆಗೆ ವಿಭೂತಿ ಬಳಿದು, ಮಡಿಲಿಗೆ ಹೂ ಸುರಿದ ಮೇಲೆ ಒಳಗೆ ಏನಾಗಿದೆ ಎಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಸಾವಿತ್ರೆವ್ವ ಕಾಶಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಬಟ್ಟಲಲ್ಲಿ ಉಳಿದ ಎಣ್ಣೆಯನ್ನು ಬೇಡಿ ಪಡೆದಳು. ಅವತ್ತು ಕಾಶಪ್ಪ ಊಟ ಮಾಡಲಿಲ್ಲ.

ಆಮೇಲೆ ಎಷ್ಟು ಮಂದಿ ಹಾಗೆ ಬಂದರು ಎಂದು ಗುರುಸಿದ್ದವ್ವ ನೆನಪಿಟ್ಟುಕೊಳ್ಳಲಿಲ್ಲ. ಪ್ರತಿಸಲ ಬಾಗಿಲು ಹಾಕಿದಾಗ ಭಜನೆ ಜೋರಾಗುತ್ತಿತ್ತು. ಬರಬರುತ್ತ ಯಾರೂ ಹೇಳದೆಯೇ ಜೋರಾಗುತ್ತಿತ್ತು. ಓಣಿಯ ಮಕ್ಕಳು ಅದನ್ನೂ ವಿಧಿಯ ಒಂದು ಭಾಗವೆಂದೇ ತಿಳಿದು ಬೆಳೆದರು. ಚಂದಪ್ಪನೂ ಹಾಗೆಯೇ ತಿಳಿದಿದ್ದ.

ಖಾಸಿಂಸಾಬನದು ಬಿದಿರಿನ ಅಂಗಡಿ. ಗಳ ತಂದು, ಅಂಗಳದಲ್ಲೇ ಕುಳಿತು ಕೊಯ್ದುಕೊಡುತ್ತಿದ್ದ. ಸೆಟೆದ ಹೆಣ ಬಂದ ದಿನ ಅಂಗಳದಲ್ಲಿ ಬೇಡವಾದ ತುಂಡುಗಳು ಬಹಳ ಬಿದ್ದಿರುತ್ತಿದ್ದವು.

"ಏನಲೇ ಸಾಬಾ, ವಿಮಾನಕ್ಕ ನಾಲ್ಕ ಕಾಲು. ಇದೇನು ಜರಿಹುಳ ಮಾಡೂ ವಿಚಾರ ಐತೇನು?" ಎಂದು ಕಾಶಪ್ಪ ಬೈಯುತ್ತಿದ್ದ.

"ಅಳತಿ ತಪ್ಪೇತಿ ಬಿಡಪಾ."

ಹುಟ್ಟಿನಿಂದ ಬಿದಿರು ಕೊಯ್ದವನ ಅಳತೆ ಹೇಗೆ ತಪ್ಪುತ್ತದೆ ಎಂದು ಕಾಶಪ್ಪ ಕೇಳಲಿಲ್ಲ. ಖಾಸಿಂಸಾಬ ಹೇಳಲೂ ಇಲ್ಲ.

*

ಕಟ್ಟೆಯ ನೆರಳು ಗೋಡೆಯ ಬುಡಕ್ಕೆ ಸರಿದಿತ್ತು. ಇಬ್ಬರು ಮುದಿ ನೇಕಾರರು ಆ ನೆರಳಿನಲ್ಲಿ ಒತ್ತಿಕೊಂಡು ಕುಳಿತಿದ್ದರು.

"ಬಾಜಾರದಾಗ ಎದುರಾದ್ರ ಕಾಶಣ್ಣ ಮಾರಿ ನೋಡತಿರಲಿಲ್ಲೋ. ಮ್ಯಾಲಿಂದ ಕೆಳಗ ಒಮ್ಮೆ ಕಣ್ಣಾಡಿಸಿ ಅಳತಿ ತಗೋತಿದ್ದ. ನಾ ಅಂತೂ ದೂರಿಂದ ಕಂಡ್ರ ಓಣಿ ಬದಲಿ ಮಾಡ್ತಿದ್ದೆ."

"ನನಗ ಏನಂದಿದ್ದ ಗೊತ್ತೈತೇನು? ಹೊಟ್ಟಿ ಇಳಸು, ಇಲ್ಲಾಂದ್ರ ನಿನಗ ಎರಡು ವಿಮಾನ ಬೇಕಾಗ್ತಾವು ಅಂದಿದ್ದ."

ಇಬ್ಬರೂ ನಕ್ಕರು. ಒಳಗೆ ಹೆಣವಿರುವುದು ನೆನಪಾಗಿ ಒಬ್ಬ ಕೆಮ್ಮಿದ.

"ಇನ್ನ ನಮ್ಮನ್ನ ಯಾರು ಕುಂಡ್ರಸವರೋ? ಚಂದ್ಯಾ ಕಲ್ಲು ತಿಕ್ಕಾಕ ಹೋಗ್ತಾನ."

ಚಂದಪ್ಪ ಊರ ಹೊರಗಿನ ಗ್ರಾನೈಟ್‌ ಫ್ಯಾಕ್ಟರಿಯಲ್ಲಿ ಪಾಲಿಶ್‌ ಮಾಡುತ್ತಿದ್ದ. ಈ ಕೆಲಸ ಕಲಿ ಬಾ ಎಂದು ಕಾಶಪ್ಪ ಮಗನನ್ನು ಎಂದೂ ಕರೆದಿರಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಏನಾದರೂ ನೆವ ಹೇಳಿ ಹೊರಗೆ ಕಳಿಸುತ್ತಿದ್ದ. ತಂದೆಗೆ ತನ್ನ ಮೇಲೆ ನಂಬಿಕೆಯಿಲ್ಲ ಎಂದುಕೊಂಡು ಚಂದಪ್ಪ ಕಲ್ಲಿನ ಕೆಲಸ ಹಿಡಿದಿದ್ದ.

ಈಗ ಅವನು ತಾಯಿಯ ಬಳಿ ಬಂದು ಕುಳಿತ. ತಂದೆಯ ಬಲಗೈ ಮೇಲೆ ಸಲಾಯಿನ್‌ ಸೂಜಿ ಚುಚ್ಚಿದ್ದ ಜಾಗ ಕಪ್ಪಗಾಗಿತ್ತು.

"ದವಾಖಾನ್ಯಾಗ ಒಂದ ಸಮ ಎದ್ದು ಕುಂಡ್ರತಿದ್ದ, ಯವ್ವಾ," ಎಂದ. "ನರ್ಸಬಾಯಿ ಮಲಗಸ್ತಿದ್ಲು, ಇವ ಏಳ್ತಿದ್ದ. ಕಡೀಕ ಆಕಿ, ಸೂಜಿ ಕಿತ್ತ ಬರ್ತೈತಿ, ನೀ ಹಿಡಕೋಪಾ ಅಂದ್ಲು. ಎರಡೂ ಹೆಗಲು ಒತ್ತಿ ಹಿಡದೆ. ನನ್ನ ಮಾರಿನ ನೋಡಾಕತ್ತಿದ್ದ, ಮಾತಾಡಾಕ ಬರತಿರಲಿಲ್ಲ. ಬ್ಯಾನಿಗೆ ಏಳ್ತಾನ ಅನಕೊಂಡೆ. ಜೀವ ಹೋಗೂತನಾ ಹಿಡದಿದ್ದೆ."

ಗುರುಸಿದ್ದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

*

ಸಂಕ್ರಮಣದ ಹೊತ್ತಿಗೆ ಕಾಶಪ್ಪ ಹಾಸಿಗೆಯಲ್ಲಿ ಮಲಗುವುದನ್ನು ಬಿಟ್ಟಿದ್ದ. ಒಳಕೋಣೆಯ ಗೂಟದ ಕೆಳಗೆ ದಿಂಬು ಇಟ್ಟು, ಗೋಡೆಗೆ ಒರಗಿ, ಕಾಲು ಮಡಚಿಕೊಂಡೇ ನಿದ್ದೆ ಮಾಡುತ್ತಿದ್ದ. ಹೊಟ್ಟೆನೋವಿಗೆ ಅದು ಹಿತವಿರಬೇಕು ಎಂದು ಮನೆಯವರು ಅಂದುಕೊಂಡರು. ನಿದ್ದೆಯಲ್ಲಿ ಜಾರಿದರೆ ಬೆಚ್ಚಿ ಎದ್ದು ಮತ್ತೆ ನೆಟ್ಟಗಾಗುತ್ತಿದ್ದ.

ಒಂದು ಬೆಳಿಗ್ಗೆ ಗುರುಸಿದ್ದವ್ವ ರೊಟ್ಟಿ ಹಾಲು ತಂದಿಟ್ಟಾಗ ಅವನು ಅವಳ ಕೈ ಹಿಡಿದು ಕೂರಿಸಿದ.

"ಚಂದ್ಯಾ ಬಾಗಲಕೋಟಿಗೆ ಒಯ್ತೇನಿ ಅಂತಾನ. ಬ್ಯಾಡಂತ ಹೇಳು. ಇಲ್ಲೇ ಹೋಗ್ತೇನಿ. ಕುಂತಲ್ಲೇ ಹೋಗ್ತೇನಿ."

"ಹಂಗ ಅನಬ್ಯಾಡ್ರಿ. ಔಷಧಾ ತಗೊಂಡ್ರ ಕಡಿಮಿ ಆಗ್ತೈತಿ."

"ಹಂಗೇನರ ಮಲಗಿ ಬಂದ್ನಂದ್ರ ಮಲಗಿಸೇ ಒಯ್ರಿ. ಮುರೀಬ್ಯಾಡ." ಅವನು ಅವಳ ಕೈ ಬಿಟ್ಟಿರಲಿಲ್ಲ. "ನೀನೂ ಕೇಳೀಯಲ್ಲ, ಆ ಸಪ್ಪಳ. ಸತ್ತವರಿಗೆ ನೋವು ಗೊತ್ತಾಗೂದಿಲ್ಲ ಅಂತ ನಾ ಅವರ ಮಂದಿಗೆ ಎಂದಾರ ಹೇಳೇನೇನು? ಹೇಳಿಲ್ಲ. ನನಗ ಗೊತ್ತಿಲ್ಲ, ಅದಕ್ಕ. ಆಣಿ ಮಾಡು."

ಅವಳು ಲಿಂಗ ಮುಟ್ಟಿ ಆಣೆ ಮಾಡಿದಳು.

ಆದರೆ ಏಪ್ರಿಲ್‌ನಲ್ಲಿ ನೋವು ಹೆಚ್ಚಾಗಿ ಅವನು ಗೋಡೆಗೆ ತಲೆ ಬಡಿದುಕೊಳ್ಳತೊಡಗಿದಾಗ, ಅವಳೇ ಮಗನಿಗೆ "ಒಯ್ಯಪಾ" ಎಂದಳು.

*

ಸಾವಿತ್ರೆವ್ವ ಬೆವತು ಬಂದಳು. ಬಾಟಲಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಎಣ್ಣೆ ಕಪ್ಪಗೆ, ಜೇನಿನ ಹಾಗೆ ಗಟ್ಟಿಯಾಗಿತ್ತು. ಮುಚ್ಚಳದ ಮೇಲೆ ಕುಂಕುಮದ ಬೊಟ್ಟು ಇತ್ತು.

"ವರ್ಷಾ ವರ್ಷಾ ನಮ್ಮನಿಯವರ ತಿಥಿಗೆ ಇದಕ್ಕೂ ಊದಬತ್ತಿ ಬೆಳಗ್ತೇನಿ, ಯಕ್ಕಾ. ತಗೋ. ಕಾಶಣ್ಣಂದ ಕಾಶಣ್ಣಗ ಬಂತು."

ಗುರುಸಿದ್ದವ್ವ ತೆಗೆದುಕೊಂಡಳು. ತೆಗೆದುಕೊಳ್ಳದಿರಲು ಅವಳ ಬಳಿ ಬೇರೆ ಮಾತು ಉಳಿದಿರಲಿಲ್ಲ.

"ಏನವ್ವಾ, ಆಕ್ಕೈತೋ ಇಲ್ಲೋ?" ಎಂದು ಸಂಗಯ್ಯನವರು ಕೇಳಿದರು. "ನಿನಗ ಆಗೂದಿಲ್ಲಾಂದ್ರ ಹುನಗುಂದದಾವರು ಬಸ್‌ ಸ್ಟ್ಯಾಂಡಿನ್ಯಾಗ ಅದಾರ. ಮಣ್ಣಿಗೆ ಅಂತ ಬಂದಾವರು. ಗಟ್ಟಿಮುಟ್ಟು ಮಂದಿ. ಇಲ್ಲೇ ಪಡಸಾಲ್ಯಾಗ ಮುಗಿಸಿಬಿಡ್ತಾರ."

"ನೀರು ಕಾಸ್ರಿ," ಎಂದಳು ಗುರುಸಿದ್ದವ್ವ.

ನಾಲ್ವರು ಹೆಣವನ್ನು ಒಳಕೋಣೆಗೆ ಸಾಗಿಸಿ ಗೂಟದ ಕೆಳಗೆ ಮಲಗಿಸಿದರು. ಅವನು ಒರಗುತ್ತಿದ್ದ ಜಾಗದಲ್ಲಿ ಗೋಡೆಯ ಸುಣ್ಣ ಸವೆದು ಬೆನ್ನಿನ ಅಗಲಕ್ಕೆ ಮಣ್ಣು ಕಾಣುತ್ತಿತ್ತು. ಎಲ್ಲರನ್ನೂ ಕಳಿಸಿ, ಮಗನನ್ನು ಮಾತ್ರ ಉಳಿಸಿಕೊಂಡು, ಗುರುಸಿದ್ದವ್ವ ಬಾಗಿಲು ಹಾಕಿದಳು.

ಹೊರಗೆ ಭಜನೆ ಜೋರಾಯಿತು.

ಬಿಸಿನೀರಿನಲ್ಲಿ ಅರಿವೆ ಅದ್ದಿ ಕೀಲುಗಳಿಗೆ ಸುತ್ತಿದರು. ಚಂದಪ್ಪ ಬಾಟಲಿಯ ಬಿರಡೆ ತೆಗೆದ. ಹಳಸಿದ ವಾಸನೆ ಕೋಣೆಯನ್ನು ತುಂಬಿತು. ಅವನು ಮೊಣಕಾಲಿಗೆ ಎಣ್ಣೆ ಹಾಕಿ ತಿಕ್ಕಿದ, ಮತ್ತೆ ಮತ್ತೆ ತಿಕ್ಕಿದ.

"ಎಷ್ಟೊತ್ತಿಗೆ ಸಡಲ್ತೈತಿ ಯವ್ವಾ?"

"ಎಣ್ಣಿಗೆ ಸಡಲೂದಿಲ್ಲ ತಮ್ಮಾ."

"ಮತ್ತ?"

"ಎಣ್ಣಿ ಹಚ್ಚತಿದ್ವಿ. ಆಮ್ಯಾಲ ಮುರೀತಿದ್ವಿ. ನಿಮ್ಮಪ್ಪ ಮೊಣಕಾಲು, ನಾ ಹೆಗಲು."

ಚಂದಪ್ಪನ ಕೈ ನಿಂತಿತು. ಅವನು ಬಾಗಿಲಿನತ್ತ ನೋಡಿದ. ಹೊರಗೆ ತಾಳ, ಪೇಟಿ, ಹತ್ತಾರು ದನಿ.

"ಅದಕ್ಕ ಜೋರಾಗಿ ಹಾಡಾಕ ಹೇಳ್ತಿದ್ದನೇನು?"

"ಹೂಂ."

"ಕಲ್ಲಪ್ಪಕಾಕಾನ?"

"ಮೊದಲ ಅವನ್ನ."

ಅವನು ಎಣ್ಣೆಯ ಕೈಯನ್ನು ಅಂಗಿಗೆ ಒರೆಸಿಕೊಂಡ. ಅವಳು ತಾನು ಮಾಡಿದ ಆಣೆಯನ್ನೂ, ಗಂಡ ಗೋಡೆಗೆ ಒರಗಿ ಮಲಗುತ್ತಿದ್ದ ಕಾರಣವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಚಂದಪ್ಪ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ.

"ಹಂಗಾರ ಬ್ಯಾಡ," ಎಂದ. "ಮಲಗಿಸೇ ಒಯ್ಯೂನು. ಹೊರಗ ನಾ ಹೇಳ್ತೇನಿ."

"ಏನಂತ ಹೇಳ್ತಿ?"

"ಆಗೂದಿಲ್ಲ ಅಂತ."

"ಎಲ್ಲಾರಿಗೂ ಆತು, ಅವಗ ಯಾಕ ಆಗೂದಿಲ್ಲ ಅಂತಾರ. ಹುನಗುಂದದಾವರು ಬರ್ತಾರ. ಪಡಸಾಲ್ಯಾಗ, ಎಲ್ಲಾರ ಮುಂದ ಮುರೀತಾರ. ಅವರಿಗೆ ಭಜನಿ ಬೇಕಾಗೂದಿಲ್ಲ. ಸಾವಿತ್ರಿ ಅಲ್ಲೇ ಕುಂತಿರ್ತಾಳ."

"ಖರೆ ಹೇಳಿಬಿಡೂನು. ಅಪ್ಪನ ಆಸೆ ಇದು, ಅವ ಹಿಂಗ ಮಾಡ್ತಿದ್ದ, ಅದಕ್ಕ ಬ್ಯಾಡ ಅಂದಾನ ಅಂತ."

"ಹೇಳು," ಎಂದಳು ಗುರುಸಿದ್ದವ್ವ. "ಬಾಟ್ಲಿ ಕೈಯಾಗ ಹಿಡಕೊಂಡು ಹೇಳು."

ಚಂದಪ್ಪ ಬಾಟಲಿಯನ್ನು ಎತ್ತಿಕೊಂಡು ಬಾಗಿಲ ತನಕ ಹೋದ. ಅಗಳಿಗೆ ಕೈಯಿಟ್ಟ. ಅದೇ ಹೊತ್ತಿಗೆ ಆಚೆಯಿಂದ, ಬಾಗಿಲಿಗೆ ಬಾಯಿ ಹಚ್ಚಿ ಸಾವಿತ್ರೆವ್ವ ಕೇಳಿದಳು:

"ಯಕ್ಕಾ, ಎಣ್ಣಿ ಸಾಕಾತೇನು? ತಳದಾಗಿಂದೂ ಹಾಕು. ನನಗೇನೂ ಉಳಸಬ್ಯಾಡ."

ಚಂದಪ್ಪನ ಕೈ ಅಗಳಿಯ ಮೇಲೆಯೇ ಇತ್ತು.

"ಸಾಕಾತವ್ವ," ಎಂದಳು ಒಳಗಿನಿಂದ ಗುರುಸಿದ್ದವ್ವ. ಆಮೇಲೆ ಮಗನಿಗೆ, ದನಿ ತಗ್ಗಿಸಿ, "ಖಾಸಿಂಗ ಹೇಳು. ಕುಂಡ್ರೂ ಅಳತಿಗೆ ಕೊಯ್ಯಂತ," ಎಂದಳು.

ಚಂದಪ್ಪ ಬಾಗಿಲನ್ನು ಒಂದು ಗೇಣು ತೆರೆದ.

"ಕಾಕಾ, ಕುಂಡ್ರೂ ಅಳತಿ."

ಖಾಸಿಂಸಾಬ ತಲೆಯೆತ್ತಿ ಅವನ ಮುಖವನ್ನೂ ಅವನ ಎಣ್ಣೆಗೈಯನ್ನೂ ನೋಡಿದ. ಏನೂ ಕೇಳದೆ ಗರಗಸ ಎತ್ತಿಕೊಂಡ. ಬಾಗಿಲು ಮುಚ್ಚಿತು. ಸಾವಿತ್ರೆವ್ವ ಪಕ್ಕದವನ ಕೈಯಿಂದ ತಾಳ ಇಸಿದುಕೊಂಡು, ಕಣ್ಣು ಮುಚ್ಚಿ, ಎಲ್ಲರಿಗಿಂತ ಜೋರಾಗಿ ಬಾರಿಸತೊಡಗಿದಳು.

ಗುರುಸಿದ್ದವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಗಂಡನ ಕಾಲ ಬಳಿ ಮೊಣಕಾಲೂರಿದಳು.

"ನೀ ಹೆಗಲು ಹಿಡಿ," ಎಂದಳು.

ಚಂದಪ್ಪ ತಲೆಯ ಬಳಿ ಕುಳಿತು ಎರಡೂ ಹೆಗಲಿನ ಮೇಲೆ ಅಂಗೈಯಿಟ್ಟು ಒತ್ತಿದ. ನಿನ್ನೆ ಒತ್ತಿದ ಜಾಗವೇ ಅದು.

ಅಂಗಳದಲ್ಲಿ ವಿಮಾನದ ನಾಲ್ಕು ಕಾಲುಗಳು ಒಂದೊಂದಾಗಿ ತುಂಡಾಗಿ ಬಿದ್ದವು. ಹಾಡು ಮುಗಿಯಿತು. ಪೇಟಿಯವನು ನೀರಿನ ತಂಬಿಗೆ ಎತ್ತಿಕೊಂಡ. ಸಾವಿತ್ರೆವ್ವ ತಾಳವನ್ನು ಮಡಿಲಲ್ಲಿಟ್ಟು ಕಣ್ಣೊರೆಸಿಕೊಂಡಳು. ಮನೆಯೆಲ್ಲ ಗಪ್ಪಾಯಿತು.

ಖಾಸಿಂಸಾಬ ಗೋಡೆಗೆ ಒರಗಿಸಿದ್ದ ಇನ್ನೊಂದು ಗಳವನ್ನು ಸರಕ್ಕನೆ ಎಳೆದುಕೊಂಡ. ಅಳತೆ ನೋಡಲಿಲ್ಲ, ಗುರುತು ಹಾಕಲಿಲ್ಲ. ಮುಚ್ಚಿದ ಬಾಗಿಲಿಗೆ ಬೆನ್ನು ಮಾಡಿ ಕುಳಿತು, ಗರಗಸ ಇಟ್ಟು, ಮನೆಯೆಲ್ಲ ಕೇಳುವ ಹಾಗೆ ಕೊಯ್ಯತೊಡಗಿದ.